ಸ್ಕೂಟರ್ ಮೋಟರಿನೊಳಗಿನ ಚೀನಾ: ಒಂದು ದೇಶ ಮಹಾಶಕ್ತಿ ಆಗುವುದು ಹೇಗೆ?

ಬೆಂಗಳೂರಿನ ಪೀಣ್ಯದ ಒಂದು ಚಿಕ್ಕ ವೈಂಡಿಂಗ್ ಅಂಗಡಿಯಲ್ಲಿ ಎಲೆಕ್ಟ್ರಿಕ್ ಸ್ಕೂಟರಿನ ಮೋಟರ್ ಬಿಚ್ಚುವುದನ್ನು ನಿಂತು ನೋಡಿದ್ದೇನೆ. ಹಿಂದಿನ ಚಕ್ರದೊಳಗೇ ಕೂರುವ ಮೋಟರ್ ಅದು. ಬೋಲ್ಟುಗಳನ್ನೆಲ್ಲ ತೆಗೆದ ಮೇಲೂ ಎರಡು ಭಾಗ ಬೇರೆಯಾಗಲಿಲ್ಲ. ಒಳಗಿನಿಂದ ಯಾರೋ ಬಿಗಿಯಾಗಿ ಹಿಡಿದುಕೊಂಡ ಹಾಗಿತ್ತು. ಪುಲ್ಲರ್ ಹಾಕಿ ತಿರುವಿದ ಮೇಲೆ 'ಟಕ್' ಅಂತ ಬಿಟ್ಟುಕೊಂಡಿತು. "ಬೆರಳು ಮಧ್ಯೆ ಇಡಬೇಡಿ ಸಾರ್, ಜಜ್ಜಿಹೋಗುತ್ತೆ" ಅಂದರು ಮೆಕ್ಯಾನಿಕ್. ಒಳಗೋಡೆಯ ಸುತ್ತಲೂ ಬೆಳ್ಳಿ ಬಣ್ಣದ ಚಪ್ಪಟೆ ತುಂಡುಗಳು ಸಾಲಾಗಿ ಅಂಟಿದ್ದವು. ಒಂದೊಂದೂ ಬಿಸ್ಕತ್ತಿನ ಅರ್ಧದಷ್ಟೂ ಇಲ್ಲ. ಅವೇ ಮ್ಯಾಗ್ನೆಟ್‌ಗಳು. "ತಾಮ್ರದ ತಂತಿ ಇಲ್ಲೇ ಸಿಗುತ್ತೆ, ಬೇರಿಂಗ್ ಇಲ್ಲೇ ಸಿಗುತ್ತೆ. ಇದೊಂದು ಮಾತ್ರ ಚೈನಾದಿಂದಲೇ ಬರಬೇಕು" ಅಂತಲೂ ಹೇಳಿದರು.

2025ರ ಏಪ್ರಿಲ್ 4ರಂದು ಚೀನಾ ಸರ್ಕಾರ ಒಂದು ಆದೇಶ ಹೊರಡಿಸಿತು. ಏಳು ಬಗೆಯ ರೇರ್ ಅರ್ಥ್ ಲೋಹಗಳು ಮತ್ತು ಅವು ಸೇರಿದ ಮ್ಯಾಗ್ನೆಟ್‌ಗಳನ್ನು ಇನ್ನು ಮೇಲೆ ಲೈಸೆನ್ಸ್ ಇಲ್ಲದೆ ಹೊರದೇಶಕ್ಕೆ ಕಳಿಸುವಂತಿಲ್ಲ. ಕೊಳ್ಳುವವರು ಇದನ್ನು ಎಲ್ಲಿ ಬಳಸುತ್ತೇವೆ, ಸೇನೆಗೆ ಕೊಡುವುದಿಲ್ಲ ಎಂದೆಲ್ಲ ಬರೆದುಕೊಡಬೇಕು. ಅದು ಅಮೆರಿಕದ ಸುಂಕಕ್ಕೆ ಕೊಟ್ಟ ಉತ್ತರ. ಆದರೆ ಪೆಟ್ಟು ಬಿದ್ದದ್ದು ಎಲ್ಲರಿಗೂ. ಕೆಲವೇ ವಾರಗಳಲ್ಲಿ ಭಾರತದ ವಾಹನ ಕಂಪನಿಗಳ ದಾಸ್ತಾನು ಕರಗತೊಡಗಿತು. ಕೆಲವರು ಎಲೆಕ್ಟ್ರಿಕ್ ಗಾಡಿಗಳ ಉತ್ಪಾದನೆಯನ್ನೇ ತಗ್ಗಿಸಿದರು. ಸಾವಿರಾರು ಕೋಟಿ ರೂಪಾಯಿಯ ಕಾರ್ಖಾನೆ, ನೂರಾರು ಎಂಜಿನಿಯರುಗಳು, ಮುಂಗಡ ಕೊಟ್ಟು ಕಾಯುತ್ತಿರುವ ಗ್ರಾಹಕರು, ಎಲ್ಲ ಇದ್ದೂ ಅರ್ಧ ಬಿಸ್ಕತ್ತಿನಷ್ಟು ಲೋಹಕ್ಕಾಗಿ ಕೈಕಟ್ಟಿ ಕೂರಬೇಕಾಯಿತು.

ಮಹಾಶಕ್ತಿ ಅಂದರೆ ಏನು ಅನ್ನೋ ಪ್ರಶ್ನೆಗೆ ನನ್ನ ಉತ್ತರ ಈ ತುಂಡಿನಲ್ಲೇ ಇದೆ. ಜನಸಂಖ್ಯೆ, ಸೇನೆ, ಜಿಡಿಪಿ ಇವೆಲ್ಲ ಬೇಕು, ನಿಜ. ಆದರೆ 'ನೀನಿಲ್ಲದೆ ನನಗೆ ನಡೆಯುವುದಿಲ್ಲ' ಎಂದು ಬೇರೆ ದೇಶಗಳು ಒಪ್ಪಿಕೊಳ್ಳುವ ಸ್ಥಿತಿ ಬಂದಾಗ ಮಾತ್ರ ಒಂದು ದೇಶ ಮಹಾಶಕ್ತಿ ಆಗುತ್ತದೆ. ಮತ್ತು ಆ ಸ್ಥಿತಿ ತಲುಪಲು ಹಿಡಿಯುವ ಕಾಲ, ತೆರುವ ಬೆಲೆ, ನಾವು ಟಿವಿ ಚರ್ಚೆಗಳಲ್ಲಿ ಅಂದುಕೊಳ್ಳುವುದಕ್ಕಿಂತ ತುಂಬಾ ಜಾಸ್ತಿ.

'ಸೂಪರ್‌ಪವರ್' ಅನ್ನೋ ಮಾತನ್ನು ಇವತ್ತಿನ ಅರ್ಥದಲ್ಲಿ ಬಳಕೆಗೆ ತಂದವರು ವಿಲಿಯಂ ಫಾಕ್ಸ್ ಎಂಬ ಅಮೆರಿಕದ ವಿದ್ವಾಂಸ, 1944ರಲ್ಲಿ. ಆಗ ಅವರು ಮೂರು ದೇಶಗಳ ಹೆಸರು ಹೇಳಿದ್ದರು: ಅಮೆರಿಕ, ಸೋವಿಯತ್ ಒಕ್ಕೂಟ, ಬ್ರಿಟನ್. ಹನ್ನೆರಡೇ ವರ್ಷಕ್ಕೆ ಬ್ರಿಟನ್ ಆ ಪಟ್ಟಿಯಿಂದ ಬಿದ್ದುಹೋಯಿತು. 1956ರಲ್ಲಿ ಈಜಿಪ್ಟ್ ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಣ ಮಾಡಿದಾಗ ಬ್ರಿಟನ್ ಮತ್ತು ಫ್ರಾನ್ಸ್ ಇಸ್ರೇಲ್ ಜೊತೆ ಸೇರಿ ದಾಳಿ ಮಾಡಿದವು. ಯುದ್ಧಭೂಮಿಯಲ್ಲಿ ಅವು ಸೋತಿರಲಿಲ್ಲ. ಆದರೆ ಪೌಂಡ್ ಕುಸಿಯತೊಡಗಿತು. ಕೈ ಹಿಡಿಯಬೇಕಾದ ಅಮೆರಿಕ, ಸೇನೆ ವಾಪಸ್ ಬರುವವರೆಗೆ ಸಾಲಕ್ಕೆ ಒಪ್ಪಿಗೆ ಇಲ್ಲ ಅಂದುಬಿಟ್ಟಿತು. ಬ್ರಿಟನ್ ಹಿಂದೆ ಸರಿಯಿತು. ಯಾರ ದುಡ್ಡಿಲ್ಲದೆ ಯಾರಿಗೆ ನಡೆಯುವುದಿಲ್ಲ ಎಂಬುದು ಅವತ್ತು ಜಗತ್ತಿಗೆ ಗೊತ್ತಾಯಿತು.

ಸೋವಿಯತ್ ಒಕ್ಕೂಟದ ಬಳಿ ಅಣುಬಾಂಬ್ ಇತ್ತು, ರಾಕೆಟ್ ಇತ್ತು, ಆದರೆ ಜನ ಮುಗಿಬಿದ್ದು ಕೊಳ್ಳುವಂಥ ಸಾಮಾನು ಕಡಿಮೆ. ಜಪಾನಿನ ಬಳಿ ಸಾಮಾನೂ ಇತ್ತು, ದುಡ್ಡೂ ಇತ್ತು, ಆದರೆ ರಕ್ಷಣೆಗೆ ಅಮೆರಿಕವನ್ನೇ ನೆಚ್ಚಿಕೊಂಡಿತ್ತು. ಚೀನಾ ಈ ಎರಡನ್ನೂ ಹತ್ತಿರದಿಂದ ನೋಡಿತು.

ಚೀನಾದ ಕಥೆಯನ್ನು ಸಾಮಾನ್ಯವಾಗಿ ಗಗನಚುಂಬಿ ಕಟ್ಟಡಗಳಿಂದ ಶುರು ಮಾಡುತ್ತಾರೆ. ನಾನು ಒಂದು ಹಳ್ಳಿಯಿಂದ ಶುರು ಮಾಡುತ್ತೇನೆ. ಆನ್ಹುಯಿ ಪ್ರಾಂತ್ಯದ ಶಿಯಾವೊಗಾಂಗ್. 1959ರಿಂದ 61ರವರೆಗಿನ ಭೀಕರ ಕ್ಷಾಮದಲ್ಲಿ ಚೀನಾದ ಕೋಟ್ಯಂತರ ಜನ ಸತ್ತರು. ಅದರ ನೆನಪು ಆ ಊರಲ್ಲಿ ಹಸಿಯಾಗಿತ್ತು. ಸಾಮೂಹಿಕ ಬೇಸಾಯದಲ್ಲಿ ಹೊಟ್ಟೆ ತುಂಬುತ್ತಿರಲಿಲ್ಲ, ಊರಿನವರು ಭಿಕ್ಷೆಗೆ ಹೋಗುತ್ತಿದ್ದರು. 1978ರ ಕೊನೆಯಲ್ಲಿ ಒಂದು ರಾತ್ರಿ 18 ರೈತರು ಗುಟ್ಟಾಗಿ ಸೇರಿ ಒಂದು ಕಾಗದಕ್ಕೆ ಕೆಂಪು ಶಾಯಿಯ ಹೆಬ್ಬೆಟ್ಟು ಒತ್ತಿದರು. ಜಮೀನನ್ನು ಮನೆಮನೆಗೆ ಹಂಚಿಕೊಳ್ಳೋಣ, ಸರ್ಕಾರದ ಪಾಲು ಕೊಟ್ಟು ಮಿಕ್ಕಿದ್ದನ್ನು ಅವರವರೇ ಇಟ್ಟುಕೊಳ್ಳೋಣ. ಸಿಕ್ಕಿಬಿದ್ದು ಯಾರಾದರೂ ಜೈಲಿಗೆ ಹೋದರೆ ಅವರ ಮಕ್ಕಳನ್ನು 18 ವರ್ಷ ತುಂಬುವವರೆಗೆ ಉಳಿದವರು ಸಾಕಬೇಕು. ಆ ಕಾಗದದಲ್ಲಿದ್ದದ್ದು ಇಷ್ಟೇ. ಮುಂದಿನ ವರ್ಷ ಬೆಳೆ ಹಲವು ಪಟ್ಟು ಬಂತು. ಅದೇ ಹೊತ್ತಿಗೆ ಬೀಜಿಂಗ್‌ನಲ್ಲಿ ಸುಧಾರಣೆಯ ಪರವಾಗಿದ್ದ ನಾಯಕ ಡೆಂಗ್ ಶಿಯಾವೊಪಿಂಗ್ ಅವರ ಕೈ ಮೇಲಾಗಿತ್ತು. ಆ ರೈತರಿಗೆ ಶಿಕ್ಷೆಯಾಗಲಿಲ್ಲ. ಬದಲಿಗೆ ಅವರ ದಾರಿಯೇ ಕೆಲವು ವರ್ಷಗಳಲ್ಲಿ ದೇಶದ ನೀತಿಯಾಯಿತು.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಹೊರಜಗತ್ತಿನ ವ್ಯಾಪಾರಕ್ಕೆ ಬಾಗಿಲು ತೆರೆಯುವ ಹೊತ್ತಿಗೆ ಚೀನಾದ ಜನ ಬಡವರಾಗಿದ್ದರು, ಆದರೆ ಓದು ಬರಹ ಬಲ್ಲವರಾಗಿದ್ದರು. 1982ರಲ್ಲಿ ಅಲ್ಲಿನ ವಯಸ್ಕರಲ್ಲಿ ಶೇ. 65ರಷ್ಟು ಮಂದಿಗೆ ಓದಲು ಬರುತ್ತಿತ್ತು. ಹೆಚ್ಚುಕಡಿಮೆ ಅದೇ ಸಮಯಕ್ಕೆ ನಮ್ಮಲ್ಲಿ ಶೇ. 41. ಅಲ್ಲಿನ ಹೆಣ್ಣುಮಕ್ಕಳು ಕೈಪಿಡಿ ಓದಿ ಮಷೀನ್ ನಡೆಸಲು ತಯಾರಿದ್ದರು. 1990ರಲ್ಲೂ ಡಾಲರ್ ಲೆಕ್ಕದಲ್ಲಿ ನಮ್ಮ ತಲಾ ಆದಾಯ ಚೀನಾಕ್ಕಿಂತ ಸ್ವಲ್ಪ ಜಾಸ್ತಿಯೇ ಇತ್ತು ಅಂದರೆ ಈಗಿನ ಹುಡುಗರು ನಂಬುವುದಿಲ್ಲ. ಇವತ್ತು ಅವರದು ನಮ್ಮ ಸುಮಾರು ಐದು ಪಟ್ಟು. ಆ ಅಂತರದ ಬೇರು 1990ಕ್ಕಿಂತ ತುಂಬಾ ಹಿಂದೆ, ಪ್ರಾಥಮಿಕ ಶಾಲೆಗಳಲ್ಲಿದೆ ಅನ್ನೋದು ನನ್ನ ಗಟ್ಟಿ ನಂಬಿಕೆ.

1980ರಲ್ಲಿ ಹಾಂಗ್‌ಕಾಂಗ್ ಪಕ್ಕದ ಶೆಂಜೆನ್ ವಿಶೇಷ ಆರ್ಥಿಕ ವಲಯವಾಯಿತು, ಅಂದರೆ ಹೊರಗಿನ ಬಂಡವಾಳಕ್ಕೆ ನಿಯಮ ಸಡಿಲಿಸಿದ ಜಾಗ. ಅದೊಂದು ಮೀನುಗಾರರ ಹಳ್ಳಿಯಾಗಿತ್ತು, ರಾತ್ರೋರಾತ್ರಿ ಮಹಾನಗರವಾಯಿತು ಎಂಬ ಮಾತು ಸರಿಯಲ್ಲ. ಆ ಜಿಲ್ಲೆಯಲ್ಲಿ ಆಗಲೇ ಸುಮಾರು 3 ಲಕ್ಷ ಜನರಿದ್ದರು. ಆದರೂ 2020ರ ಜನಗಣತಿಯ ಹೊತ್ತಿಗೆ ಅದು 1.75 ಕೋಟಿ ದಾಟಿತು. ಆ ಊರಿನ ಶಕ್ತಿ ಇರುವುದು ದೊಡ್ಡ ಬ್ರ್ಯಾಂಡುಗಳಲ್ಲಿ ಅಲ್ಲ. ಹುವಾಚಿಯಾಂಗ್‌ಬೆಯ್ ಎಂಬ ಮಾರುಕಟ್ಟೆ ಇದೆ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ನಮ್ಮ ಎಸ್‌ಪಿ ರಸ್ತೆಯನ್ನು ಎತ್ತರೆತ್ತರದ ಕಟ್ಟಡಗಳಲ್ಲಿ ಮಹಡಿ ಮೇಲೆ ಮಹಡಿಯಾಗಿ ಜೋಡಿಸಿದಂತೆ ಊಹಿಸಿಕೊಳ್ಳಿ. ಸ್ಕ್ರೂ ಒಂದು ಅಂಗಡಿ, ಸರ್ಕ್ಯೂಟ್ ಬೋರ್ಡ್ ಇನ್ನೊಂದು, ಪುಟ್ಟ ಸ್ಪೀಕರ್ ಮತ್ತೊಂದು. ಬೆಳಿಗ್ಗೆ ತಲೆಗೆ ಹೊಳೆದದ್ದಕ್ಕೆ ಬೇಕಾದ ಸಾಮಾನೆಲ್ಲ ಸಂಜೆಯೊಳಗೆ ಕೈಗೆ ಸಿಗುತ್ತದೆ. ಹೊರಗಿನ ಕಂಪನಿ 'ಅಗ್ಗದ ಕೂಲಿ' ಅಂತ ಬಂದಿರಬಹುದು. ಕೂಲಿ ಏರಿದ ಮೇಲೂ ಬಿಟ್ಟುಹೋಗದೆ ಇರುವುದು ಇದಕ್ಕಾಗಿ.

2001ರ ಡಿಸೆಂಬರಿನಲ್ಲಿ ಚೀನಾ ವಿಶ್ವ ವ್ಯಾಪಾರ ಸಂಸ್ಥೆ ಸೇರಿದ ಮೇಲೆ ಈ ಯಂತ್ರಕ್ಕೆ ಇಡೀ ಜಗತ್ತೇ ಗಿರಾಕಿಯಾಯಿತು. ಇವತ್ತು ಲೋಕದ ಕಾರ್ಖಾನೆ ಉತ್ಪಾದನೆಯಲ್ಲಿ ಮೂರನೇ ಒಂದು ಪಾಲಿಗೆ ಹತ್ತಿರ ಅಲ್ಲಿಯದು. ಉಕ್ಕಿನಲ್ಲಿ ಅರ್ಧಕ್ಕಿಂತ ಜಾಸ್ತಿ, ಹಡಗುಗಳಲ್ಲೂ ಅರ್ಧಕ್ಕಿಂತ ಜಾಸ್ತಿ. 2008ರಲ್ಲಿ ಬೀಜಿಂಗ್–ತಿಯಾಂಜಿನ್ ಹೈಸ್ಪೀಡ್ ರೈಲು ಓಡಿತು. 2024ರ ಕೊನೆಗೆ ಅಂಥ ಹಳಿ 48,000 ಕಿ.ಮೀ. ಆಗಿತ್ತು. ವಿಶ್ವಬ್ಯಾಂಕ್ ಲೆಕ್ಕದಲ್ಲಿ ನಾಲ್ಕು ದಶಕಗಳಲ್ಲಿ ಸುಮಾರು 80 ಕೋಟಿ ಜನ ಕಡುಬಡತನದಿಂದ ಹೊರಬಂದರು. ಮನುಷ್ಯರ ಇತಿಹಾಸದಲ್ಲೇ ಇಂಥದ್ದು ಇನ್ನೊಂದಿಲ್ಲ.

ಇದಕ್ಕೆ ಬೆಲೆ ತೆತ್ತವರು ಯಾರು? ಹಳ್ಳಿ ಬಿಟ್ಟು ಬಂದ ಕೂಲಿಗಳು. ಅವರ ಸಂಖ್ಯೆ ಈಗಲೂ ಸುಮಾರು 30 ಕೋಟಿ. 'ಹುಕೋ' ಎಂಬ ನೋಂದಣಿ ಪದ್ಧತಿಯಲ್ಲಿ ನಿಮ್ಮ ಹಕ್ಕುಗಳು ಹುಟ್ಟೂರಿಗೆ ಅಂಟಿಕೊಂಡಿರುತ್ತವೆ. ನಗರದಲ್ಲಿ ಹತ್ತು ವರ್ಷ ದುಡಿದರೂ ಮಗುವಿಗೆ ಅಲ್ಲಿನ ಸರ್ಕಾರಿ ಶಾಲೆಯಲ್ಲಿ ಸೀಟು ಸಿಗುವುದು ಕಷ್ಟ. ಹಾಗಾಗಿ ಕೋಟಿಗಟ್ಟಲೆ ಮಕ್ಕಳು ಅಜ್ಜ ಅಜ್ಜಿಯರ ಜೊತೆ ಹಳ್ಳಿಯಲ್ಲೇ ಬೆಳೆದರು. ಅಪ್ಪ ಅಮ್ಮನ ಮುಖ ಕಾಣುತ್ತಿದ್ದದ್ದು ಹೊಸ ವರ್ಷದ ರಜೆಯಲ್ಲಿ. ಎದುರು ಮಾತಾಡಲು ಸ್ವತಂತ್ರ ಸಂಘ ಕಟ್ಟುವ ಹಕ್ಕೂ ಇಲ್ಲ. ಚೀನಾವನ್ನು ಹೊಗಳುವಾಗ ಈ ಮಕ್ಕಳನ್ನು ಮರೆಯುವುದು ನನ್ನಿಂದ ಆಗುವುದಿಲ್ಲ.

ಈಗ ಮತ್ತೆ ಮ್ಯಾಗ್ನೆಟ್‌ಗೆ ಬರೋಣ. ಹೆಸರಲ್ಲಿ 'ರೇರ್' ಇದ್ದರೂ ಈ ಲೋಹಗಳು ಅಷ್ಟೇನೂ ಅಪರೂಪವಲ್ಲ. ಕಷ್ಟ ಇರುವುದು ಬೇರ್ಪಡಿಸುವುದರಲ್ಲಿ. ಅವುಗಳ ಗುಣ ಒಂದಕ್ಕೊಂದು ತೀರಾ ಹತ್ತಿರ. ಅಕ್ಕಿಯಲ್ಲಿ ಕಲ್ಲು ಆರಿಸುವುದು ಸುಲಭ. ಸೋನಾ ಮಸೂರಿಯಲ್ಲಿ ಬೆರೆತುಹೋದ ಇನ್ನೊಂದು ಸಣ್ಣಕ್ಕಿಯನ್ನು ಆರಿಸುವುದು ಹೇಗಿರುತ್ತದೆ ಯೋಚಿಸಿ. ಇದು ಅಂಥ ಕೆಲಸ. ಸಾಲು ಸಾಲಾಗಿ ನೂರಾರು ತೊಟ್ಟಿಗಳಲ್ಲಿ ಆಮ್ಲ, ಎಣ್ಣೆಯಂಥ ದ್ರಾವಣ ಹಾಕಿ, ಒಂದರಿಂದ ಇನ್ನೊಂದಕ್ಕೆ ಹರಿಸುತ್ತಾ, ಪ್ರತಿ ತೊಟ್ಟಿಯಲ್ಲೂ ಸ್ವಲ್ಪ ಸ್ವಲ್ಪ ಬೇರೆ ಮಾಡುತ್ತಾ ಹೋಗಬೇಕು.

ಈ ವಿದ್ಯೆಯನ್ನು ಚೀನಾಕ್ಕೆ ದಕ್ಕಿಸಿಕೊಟ್ಟವರಲ್ಲಿ ಮುಖ್ಯರು ಶೂ ಗುವಾಂಗ್‌ಶಿಯಾನ್. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಮಾಡಿ 1951ರಲ್ಲಿ ತಾಯ್ನಾಡಿಗೆ ಮರಳಿದರು. ಮಾವೋ ಕಾಲದ ಸಾಂಸ್ಕೃತಿಕ ಕ್ರಾಂತಿಯ ಗದ್ದಲದಲ್ಲಿ ಅವರ ಮೇಲೆಯೇ ಗೂಢಚಾರನೆಂಬ ಗುಮಾನಿ ಬಂತು, ದುಡಿಮೆಯ ಶಿಬಿರಕ್ಕೆ ಕಳಿಸಿದರು. 1972ರ ಹೊತ್ತಿಗೆ ಬಿಡುಗಡೆಯಾಗಿ ಬಂದವರಿಗೆ ಪೀಕಿಂಗ್ ವಿಶ್ವವಿದ್ಯಾಲಯದಲ್ಲಿ ಸಿಕ್ಕ ಕೆಲಸ, ಪ್ರೇಸಿಯೋಡಿಮಿಯಂ ಮತ್ತು ನಿಯೋಡಿಮಿಯಂ ಎಂಬ ಅವಳಿ ಲೋಹಗಳನ್ನು ಬೇರ್ಪಡಿಸುವುದು. ಅವರು ಅದರ ಹಿಂದಿನ ಗಣಿತವನ್ನೇ ಬಿಡಿಸಿದರು. ಎಷ್ಟು ತೊಟ್ಟಿ ಬೇಕು, ಎಷ್ಟು ದ್ರಾವಣ ಬೇಕು ಎಂದು ಮೊದಲೇ ಲೆಕ್ಕ ಹಾಕುವ ದಾರಿ ತೋರಿದರು. ತರಗತಿ ನಡೆಸಿ ಕಾರ್ಖಾನೆಯವರಿಗೆ ಕಲಿಸಿದರು. 2008ರ ಸಾಲಿನ ದೇಶದ ಅತ್ಯುನ್ನತ ವಿಜ್ಞಾನ ಪ್ರಶಸ್ತಿ ಅವರಿಗೆ ಬಂತು. 1972ರಲ್ಲಿ ಶುರುವಾದ ಕೆಲಸದ ಫಲ 2025ರಲ್ಲಿ ಅಮೆರಿಕದ ಅಧ್ಯಕ್ಷರ ಮುಂದೆ ಚೀನಾ ಹಾಕಿದ ಕುಸ್ತಿಯ ಪಟ್ಟಾಗಿ ಬಂತು. ಐವತ್ಮೂರು ವರ್ಷ!

ಇನ್ನೊಂದು ಕಡೆ ನೋಡಿ. ಕ್ಯಾಲಿಫೋರ್ನಿಯಾದ ಮೌಂಟನ್ ಪಾಸ್ ಗಣಿ ಒಂದು ಕಾಲದಲ್ಲಿ ಜಗತ್ತಿಗೆ ಈ ಲೋಹಗಳನ್ನು ಒದಗಿಸುತ್ತಿತ್ತು. ಪರಿಸರದ ಖಟ್ಲೆಗಳು, ಚೀನಾದ ಅಗ್ಗದ ದರ ಎರಡೂ ಸೇರಿ 2002ರಲ್ಲಿ ಅಲ್ಲಿ ಕೆಲಸ ನಿಂತಿತು. ಸ್ಕೂಟರ್ ಮೋಟರಿನಲ್ಲಿರುವಂಥ ನಿಯೋಡಿಮಿಯಂ ಮ್ಯಾಗ್ನೆಟ್ ಹುಟ್ಟಿದ್ದೂ ಚೀನಾದಲ್ಲಿ ಅಲ್ಲ. 1980ರ ದಶಕದ ಮೊದಲಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಮತ್ತು ಜಪಾನಿನ ಸುಮಿಟೊಮೊದ ವಿಜ್ಞಾನಿಗಳು ಬೇರೆ ಬೇರೆಯಾಗಿ ಕಂಡುಹಿಡಿದದ್ದು. ಜನರಲ್ ಮೋಟರ್ಸ್ ಅದಕ್ಕಾಗಿ ಕಟ್ಟಿದ ಮ್ಯಾಗ್ನೆಕ್ವೆಂಚ್ ಎಂಬ ಘಟಕವನ್ನು 1995ರಲ್ಲಿ ಮಾರಿತು. ಕೊಂಡವರಲ್ಲಿ ಚೀನಾದ ಕಂಪನಿಗಳಿದ್ದವು. ಕೆಲವೇ ವರ್ಷಗಳಲ್ಲಿ ಇಂಡಿಯಾನಾದ ಕಾರ್ಖಾನೆ ಮುಚ್ಚಿ ಕೆಲಸ ಚೀನಾಕ್ಕೆ ಹೋಯಿತು. ಲಾಭ ಕಡಿಮೆ, ಕೊಳಕು ಜಾಸ್ತಿ ಅಂತ ಶ್ರೀಮಂತ ದೇಶಗಳು ಕೈಬಿಟ್ಟ ಕೆಲಸವನ್ನು ಚೀನಾ ಎತ್ತಿಕೊಂಡಿತು. ಒಳ ಮಂಗೋಲಿಯಾದ ಬಾವೊಟೌ ಪಕ್ಕದ ಕಪ್ಪು ತ್ಯಾಜ್ಯದ ಕೆರೆ ಅದರ ಗುರುತು. ಸುತ್ತಲಿನ ಹಳ್ಳಿಯವರ ಬಾವಿ, ಹೊಲ ಎಲ್ಲ ಕೆಟ್ಟವು. ಈಗ ಈ ಲೋಹಗಳ ಸಂಸ್ಕರಣೆ, ಮ್ಯಾಗ್ನೆಟ್ ತಯಾರಿಕೆ ಎರಡರಲ್ಲೂ ಶೇ. 90ರ ಆಸುಪಾಸು ಚೀನಾದ ಕೈಯಲ್ಲಿದೆ.

ಪಟ್ಟಿನ ರುಚಿ ಮೊದಲು ಕಂಡದ್ದು ಜಪಾನ್. 2010ರ ಸೆಪ್ಟೆಂಬರಿನಲ್ಲಿ ವಿವಾದಿತ ದ್ವೀಪಗಳ ಬಳಿ ಚೀನಾದ ಮೀನುಗಾರಿಕೆ ದೋಣಿಯೊಂದು ಜಪಾನಿನ ಕಾವಲು ಹಡಗುಗಳಿಗೆ ಡಿಕ್ಕಿ ಹೊಡೆಯಿತು. ಜಪಾನ್ ಅದರ ಕ್ಯಾಪ್ಟನ್‌ನನ್ನು ಹಿಡಿದಿಟ್ಟಿತು. ಚೀನಾ ಬಾಯಿಬಿಟ್ಟು ಒಪ್ಪಿಕೊಳ್ಳದಿದ್ದರೂ ರೇರ್ ಅರ್ಥ್ ಸಾಗಣೆ ನಿಂತುಹೋಯಿತು. ಜಪಾನ್ ಪಾಠ ಕಲಿತು ಆಸ್ಟ್ರೇಲಿಯಾದ ಲೈನಸ್ ಕಂಪನಿಗೆ ದುಡ್ಡು ಹಾಕಿತು. ಉಳಿದವರು ಸುಮ್ನೆ ಕೂತರು. 2025ರಲ್ಲಿ ಅಮೆರಿಕ ಚೀನಾದ ಮೇಲಿನ ಸುಂಕವನ್ನು ಶೇ. 145ರವರೆಗೂ ಏರಿಸುತ್ತಾ ಹೋದಾಗ ಅದೇ ಪಟ್ಟು ಮತ್ತೆ ಬಂತು. ಮೇ ತಿಂಗಳಲ್ಲಿ ಜಿನೀವಾದಲ್ಲಿ ಸುಂಕ ಇಳಿಸಿಕೊಂಡರು. ಅಕ್ಟೋಬರಿನಲ್ಲಿ ಚೀನಾ ನಿರ್ಬಂಧವನ್ನು ಇನ್ನಷ್ಟು ಬಿಗಿ ಮಾಡಿತು. ಆ ತಿಂಗಳ 30ರಂದು ದಕ್ಷಿಣ ಕೊರಿಯಾದ ಬುಸಾನ್‌ನಲ್ಲಿ ಟ್ರಂಪ್ ಮತ್ತು ಶಿ ಜಿನ್‌ಪಿಂಗ್ ಎದುರುಬದುರು ಕೂತು ಒಂದು ವರ್ಷದ ರಾಜಿಗೆ ಬಂದರು. ಅಮೆರಿಕವನ್ನು ಮೇಜಿನ ಮುಂದೆ ಹೀಗೆ ಕೂರಿಸುವ ತಾಕತ್ತು ಬೇರೆ ಯಾವ ದೇಶಕ್ಕಿದೆ?

ಹಾಗಾದರೆ ಚೀನಾ ಪೂರ್ತಿ ಮಹಾಶಕ್ತಿ ಆಯಿತಾ? ನನ್ನ ಪ್ರಕಾರ ಇನ್ನೂ ಇಲ್ಲ. ಸಾಮಾನಿನಲ್ಲಿ ಆಗಿದೆ, ನಂಬಿಕೆಯಲ್ಲಿ ಆಗಿಲ್ಲ.

ದುಡ್ಡನ್ನೇ ನೋಡಿ. ಅಮೆರಿಕದ ಅರ್ಥವ್ಯವಸ್ಥೆ 19ನೇ ಶತಮಾನದ ಕೊನೆಗೇ ಜಗತ್ತಿನಲ್ಲಿ ದೊಡ್ಡದಾಗಿತ್ತು. ಆದರೆ ಡಾಲರ್ ಎಲ್ಲರ ನಾಣ್ಯ ಎಂದು 44 ದೇಶಗಳು ಕೂತು ಒಪ್ಪಿದ್ದು 1944ರಲ್ಲಿ, ಬ್ರೆಟನ್ ವುಡ್ಸ್‌ನಲ್ಲಿ. ಇವತ್ತಿಗೂ ಜಗತ್ತಿನ ಕೇಂದ್ರ ಬ್ಯಾಂಕುಗಳ ಮೀಸಲಿನಲ್ಲಿ ಡಾಲರ್ ಅರ್ಧಕ್ಕಿಂತ ಜಾಸ್ತಿ, ಚೀನಾದ ಯುವಾನ್ ಶೇ. 2ರ ಸುತ್ತಮುತ್ತ. ಚೀನಾದ ಪ್ರಜೆಯೇ ವರ್ಷಕ್ಕೆ 50,000 ಡಾಲರ್‌ಗಿಂತ ಹೆಚ್ಚು ಹೊರದೇಶದ ದುಡ್ಡು ಸುಲಭಕ್ಕೆ ಕೊಳ್ಳುವಂತಿಲ್ಲ. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿರುವ ಮನೆಯಲ್ಲಿ ನಿಮ್ಮ ಉಳಿತಾಯ ಇಡುತ್ತೀರಾ?

ಜನರನ್ನು ನೋಡಿ. 2020ರ ಗಣತಿಯಲ್ಲಿ 140 ಕೋಟಿ ಜನರ ಚೀನಾದಲ್ಲಿದ್ದ ವಿದೇಶಿಯರು ಸುಮಾರು 8.5 ಲಕ್ಷ. ಅಮೆರಿಕದಲ್ಲಿ ಹೊರದೇಶದಲ್ಲಿ ಹುಟ್ಟಿದವರು 4.5 ಕೋಟಿಗೂ ಜಾಸ್ತಿ. ನಮ್ಮ ಹಾಸನ, ದಾವಣಗೆರೆಯ ಮಕ್ಕಳು ಕೆಲವರು ಎಂಬಿಬಿಎಸ್ ಓದಲು ಚೀನಾಕ್ಕೂ ಹೋಗುತ್ತಾರೆ. ಓದು ಮುಗಿಸಿ ವಾಪಸ್ ಬರುತ್ತಾರೆ. ಎಂ.ಎಸ್. ಮಾಡಲು ಟೆಕ್ಸಾಸ್‌ಗೆ ಹೋದವರು ಅಲ್ಲೇ ಮನೆ ಮಾಡುತ್ತಾರೆ, ಗಣೇಶನನ್ನು ಕೂರಿಸುತ್ತಾರೆ, ಕನ್ನಡ ಶಾಲೆ ನಡೆಸುತ್ತಾರೆ. ಅಮೆರಿಕ ಈಗ ವೀಸಾ ಬಾಗಿಲು ಮುಚ್ಚುತ್ತಾ ತನ್ನ ದೊಡ್ಡ ಬಲವನ್ನು ತಾನೇ ಕಳೆದುಕೊಳ್ಳುತ್ತಿದೆ ಅನ್ನೋದು ನಿಜ. ಆದರೂ ಪರದೇಶದವರು 'ಇದು ನನ್ನ ಊರು' ಅನ್ನುವಂತೆ ಬದುಕುವ ಅವಕಾಶವನ್ನು ಚೀನಾ ಕೊಟ್ಟಿಲ್ಲ.

ವಯಸ್ಸಿನ ಲೆಕ್ಕ ಇನ್ನೂ ಕಠಿಣ. 1980ರಿಂದ 2015ರವರೆಗೆ ಒಂದೇ ಮಗು ಎಂಬ ನೀತಿ ಇತ್ತು. ಈಗ ಹೆರಿ ಅಂದರೂ ಹೆರುವವರಿಲ್ಲ. 2016ರಲ್ಲಿ ಹುಟ್ಟಿದ ಮಕ್ಕಳು 1.8 ಕೋಟಿಯ ಆಸುಪಾಸು, 2024ರಲ್ಲಿ ಸುಮಾರು 95 ಲಕ್ಷ. ಇನ್ನು ಅತಿ ಸೂಕ್ಷ್ಮ ಚಿಪ್ ಮಾಡುವ ಯಂತ್ರಕ್ಕೆ ನೆದರ್ಲೆಂಡ್ಸ್‌ನ ಎಎಸ್‌ಎಂಎಲ್ ಕಂಪನಿ ಒಂದೇ ದಿಕ್ಕು, ಅದನ್ನು ಚೀನಾಕ್ಕೆ ಮಾರದಂತೆ ತಡೆದಿದ್ದಾರೆ. ಅಂದರೆ ಚೀನಾದ ಕತ್ತಿನ ಮೇಲೂ ಒಂದು ಕೈ ಇದೆ.

ಇದೆಲ್ಲ ದೂರದ ಮಾತು ಅನ್ನಿಸಿದರೆ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋಗಿ. 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ 5ಕ್ಕೆ ಇಳಿಸಿದರು. ಚೀನಾದ ನೂಲು ಬಂತು, ಗೂಡಿನ ರೇಟು ಕುಸಿಯಿತು. ರಾತ್ರಿ ಎದ್ದು ಹುಳಕ್ಕೆ ಸೊಪ್ಪು ಹಾಕಿದ ರೈತರು ಬೀದಿಗಿಳಿದರು. ಚೀನಾದ ನೂಲಿಗೆ ಸಮನಾದ ಗುಣಮಟ್ಟ ಬೇಕು ಅಂತ ಗೂಡಿನಿಂದ ನೂಲು ತೆಗೆಯುವ ನಮ್ಮ ರೀಲರ್‌ಗಳು ಸ್ವಯಂಚಾಲಿತ ಯಂತ್ರ ಹಾಕಲು ಹೊರಟರೆ, ಆ ಯಂತ್ರವೂ ಚೀನಾದಿಂದಲೇ ಬರಬೇಕಾಯಿತು. ಬೆಂಗಳೂರು ಮೆಟ್ರೋದ ಹಳದಿ ಮಾರ್ಗದ್ದೂ ಇದೇ ಕಥೆ. 216 ಬೋಗಿಗಳ ಗುತ್ತಿಗೆ 2019ರಲ್ಲಿ ಚೀನಾದ ಸರ್ಕಾರಿ ರೈಲು ತಯಾರಿಕಾ ಕಂಪನಿ ಸಿಆರ್‌ಆರ್‌ಸಿಗೆ ಹೋಯಿತು. ಆಮೇಲೆ ಗಡಿಯಲ್ಲಿ ಗಲ್ವಾನ್ ಸಂಘರ್ಷ, ಚೀನಾದ ಎಂಜಿನಿಯರುಗಳಿಗೆ ವೀಸಾ ತಡ. ಹಳಿ, ನಿಲ್ದಾಣ ಸಿದ್ಧವಾದರೂ ರೈಲಿಲ್ಲದೆ ಕಾದು, ಮಾರ್ಗ ತೆರೆದದ್ದು 2025ರ ಆಗಸ್ಟ್ 10ರಂದು, ಅದೂ ಮೂರೇ ರೈಲುಗಳಿಂದ. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್‌ನಲ್ಲಿ ನಿಂತವರಿಗೆ ಅದರ ಬಿಸಿ ತಟ್ಟಿತ್ತು.

ಭಾರತದ ಬಳಿ ಈ ಲೋಹಗಳ ನಿಕ್ಷೇಪ ಇಲ್ಲವೇ? ಧಾರಾಳವಾಗಿದೆ. ಕೇರಳ, ತಮಿಳುನಾಡು, ಒಡಿಶಾದ ಕಡಲತೀರದ ಮರಳಿನಲ್ಲಿದೆ. ಅದನ್ನು ನೋಡಿಕೊಳ್ಳುವ ಸರ್ಕಾರಿ ಕಂಪನಿ 1950ರಲ್ಲೇ ಹುಟ್ಟಿತು, ಅಂದರೆ ಶೂ ಅವರು ಅಮೆರಿಕದಿಂದ ಮರಳುವುದಕ್ಕೆ ಒಂದು ವರ್ಷ ಮೊದಲು. ಮರಳು ತೆಗೆದೆವು, ಬೇರ್ಪಡಿಸಿದೆವು, ಆದರೆ ಲೋಹದಿಂದ ಮ್ಯಾಗ್ನೆಟ್‌ವರೆಗಿನ ದಾರಿಯಲ್ಲಿ ಹೆಚ್ಚೇನೂ ನಡೆಯಲಿಲ್ಲ. 2025ರ ನವೆಂಬರಿನಲ್ಲಿ ಕೇಂದ್ರ ಸಂಪುಟ 7,280 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿದೆ. ವರ್ಷಕ್ಕೆ 6,000 ಟನ್ ಮ್ಯಾಗ್ನೆಟ್ ಮಾಡುವ ಗುರಿ. ಹಣ ಇದೆ, ಒಳ್ಳೆಯದೇ. ತೊಟ್ಟಿಯ ಮುಂದೆ ಇಪ್ಪತ್ತು ವರ್ಷ ನಿಲ್ಲುವ ರಸಾಯನಶಾಸ್ತ್ರಜ್ಞರು, ಅವರನ್ನು ಅಷ್ಟು ಕಾಲ ಸಾಕುವ ಪ್ರಯೋಗಾಲಯ, ಮತ್ತು ಆ ಕೊಳಕು ನೀರು ಯಾರ ಬಾವಿಗೂ ಹೋಗಬಾರದು ಎಂದು ಹೇಳುವ ಊರಿನವರ ಮಾತಿಗೆ ಬೆಲೆ, ಈ ಮೂರೂ ಜೊತೆಗೆ ಬೇಕು. ಮೂರನೆಯದನ್ನು ಚೀನಾ ಬಿಟ್ಟುಬಿಟ್ಟಿತು. ನಾವು ಬಿಡಬಾರದು.

ಪೀಣ್ಯದ ಆ ಅಂಗಡಿಯಲ್ಲಿ ಮೆಕ್ಯಾನಿಕ್ ಸುಟ್ಟ ತಂತಿಯನ್ನೆಲ್ಲ ಗುಜರಿ ಚೀಲಕ್ಕೆ ಹಾಕಿದರು. ಒಡೆದ ಮೋಟರುಗಳಿಂದ ಬಂದ ಮ್ಯಾಗ್ನೆಟ್ ತುಂಡುಗಳನ್ನು ಮಾತ್ರ ಒಂದೊಂದಾಗಿ ಒರೆಸಿ, ನಡುವೆ ರಟ್ಟಿನ ಚೂರು ಇಟ್ಟು, ಹಳೇ ಹಾರ್ಲಿಕ್ಸ್ ಬಾಟಲಿಯಲ್ಲಿ ಜೋಡಿಸುತ್ತಿದ್ದರು. ಹಾಗೇ ಬಿಟ್ಟರೆ ಒಂದಕ್ಕೊಂದು ಬಡಿದು ಚೂರಾಗುತ್ತವಂತೆ. ಯಾವ ಕೆಲಸಕ್ಕೆ ಅಂತ ಕೇಳಿದೆ. "ಈಗ ಗೊತ್ತಿಲ್ಲ ಸಾರ್. ಮತ್ತೆ ಸಿಗದೇ ಹೋದರೆ?" ಅಂದರು.